ಗ್ಯಾಸ್ ಅಂದುಕೊಂಡ ಎದೆನೋವು

ಕೇಳುಗರೆಲ್ಲರಿಗೂ ನಮಸ್ಕಾರ. ಮುಂಬಯಿಯಲ್ಲಿ ಹೃದ್ರೋಗ ವೈದ್ಯನಾಗಿರುವ ನಾನು ಇವತ್ತು ಒಂದು ಶಬ್ದದ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಆ ಶಬ್ದ 'ಗ್ಯಾಸ್'.

ಮಾಟುಂಗದ ಕಡೆಯ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುವ ಹುಡುಗ. ಊರು ಕಾರ್ಕಳದ ಹತ್ತಿರ, ವಯಸ್ಸು 36. ರಾತ್ರಿ ಹನ್ನೊಂದಕ್ಕೆ ಲೆಕ್ಕ ಮುಗಿಸುವಾಗ ಎದೆಯ ನಡುವೆ ಕಲ್ಲು ಹೇರಿದಂಥ ಭಾರ. ಎಡಗೈ ಜೋಮು. ಅಂಗಿ ಬೆನ್ನಿಗೆ ಅಂಟುವಷ್ಟು ತಣ್ಣನೆಯ ಬೆವರು. ಅಡುಗೆಯವರು ಲಿಂಬೆ ಸೋಡಾ ಕೊಟ್ಟರು, ಇನ್ನೊಬ್ಬರು ಅಂಗೈಗೆ ಓಮ ಹಾಕಿದರು. "ಗ್ಯಾಸ್ ಮಾರಾಯ, ಮಲಕ್ಕೋ, ಬೆಳಿಗ್ಗೆಗೆ ಸರಿಯಾಗ್ತದೆ." ಪ್ರೀತಿಯಿಂದಲೇ ಹೇಳಿದ ಮಾತು. ಅವನು ನಮ್ಮ ಮುಂದೆ ಬಂದಾಗ ಬೆಳಿಗ್ಗೆ ಏಳು ಗಂಟೆ.

ಮುಚ್ಚಿದ ರಕ್ತನಾಳವನ್ನು ತೆರೆದೆವು, ಅದು ತೆರೆದೇ ಇರಲೆಂದು ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ ಹಾಕಿದೆವು. ಬದುಕಿದ. ಆದರೆ ಆ ಎಂಟು ಗಂಟೆಗಳಲ್ಲಿ ಸತ್ತ ಹೃದಯದ ಸ್ನಾಯು ತಿರುಗಿ ಬರುವುದಿಲ್ಲ, ಕಲೆಯಾಗಿ ಉಳಿಯುತ್ತದೆ. ಈಗ ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಅವನು ನಡುವೆ ಎರಡು ಸಲ ನಿಲ್ಲುತ್ತಾನೆ.

ಹರೆಯದವರಿಗೆ ಯಾಕೆ ಹೀಗೆ ಏಕಾಏಕಿ ಬರುತ್ತದೆ ಎಂದು ಕೇಳುತ್ತಾರೆ. ವಯಸ್ಸಾದವರಲ್ಲಿ ನಾಳ ವರ್ಷಗಟ್ಟಲೆ ನಿಧಾನವಾಗಿ ಕಿರಿದಾಗುತ್ತದೆ. ಅಷ್ಟರಲ್ಲಿ ಹೃದಯ ಸಣ್ಣಸಣ್ಣ ಅಡ್ಡದಾರಿಗಳನ್ನು ಬೆಳೆಸಿಕೊಂಡಿರುತ್ತದೆ. ಮುಂಬಯಿ ಲೋಕಲ್ ರೈಲಿನ ಫಾಸ್ಟ್ ಲೈನ್ ಕೆಟ್ಟರೆ ಸ್ಲೋ ಲೈನಿನಲ್ಲಿ ಗಾಡಿ ಬಿಟ್ಟ ಹಾಗೆ. ಹರೆಯದವರಲ್ಲಿ ಎಷ್ಟೋ ಸಲ ಚಿಕ್ಕ ಕೊಬ್ಬಿನ ಗಂಟೊಂದು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅಡ್ಡದಾರಿ ಇನ್ನೂ ಬೆಳೆದಿರುವುದಿಲ್ಲ. ಒಡೆಯುವ ಮೊದಲು ಆ ಚಿಕ್ಕ ಗಂಟು ನಾಳವನ್ನು ಅಷ್ಟಾಗಿ ಕಿರಿದು ಮಾಡಿರುವುದೂ ಇಲ್ಲ. ಹೋದ ತಿಂಗಳು ಟ್ರೆಡ್‌ಮಿಲ್ ಪರೀಕ್ಷೆ ಚೆನ್ನಾಗಿಯೇ ಇತ್ತಲ್ಲ ಎನ್ನುವವರಿಗೂ ಆಗುವುದು ಇದಕ್ಕೇ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಮೊದಲ ಹೃದಯಾಘಾತವಾದ ದಕ್ಷಿಣ ಏಷ್ಯಾದವರಲ್ಲಿ ಅರ್ಧದಷ್ಟು ಜನರಿಗೆ ಅದು 53ರೊಳಗೇ ಬಂದಿತ್ತು. ಬೇರೆ ಕಡೆ ಆ ಗೆರೆ 59ರ ಹತ್ತಿರ. ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೆಟ್ಟ ಕೊಲೆಸ್ಟರಾಲ್ ಎಲ್ಲವೂ ಕಾರಣಗಳೇ. ಆದರೆ 45ರೊಳಗಿನವರಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಕಾಣುವುದು ತಂಬಾಕು. ಗುಟ್ಖಾ ಮಹಾರಾಷ್ಟ್ರದಲ್ಲಿ 2012ರಿಂದ ನಿಷೇಧ. ಆದರೂ ಹುಡುಗರ ಕಿಸೆ ತಡವಿದರೆ ಸಿಗುತ್ತದೆ. ನಮ್ಮವನಿಗೆ ದಿನಕ್ಕೆ ಹದಿನೈದು ಸಿಗರೇಟು. ಆಘಾತವಾದ ಮೇಲಾದರೂ ಬಿಟ್ಟರೆ ಮುಂದೆ ಸಾಯುವ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಯಾವ ಮಾತ್ರೆಗೂ ಕಡಿಮೆಯಿಲ್ಲದ ಲಾಭ ಅದು.

ಮಾತ್ರೆ ಎಂದಾಗ ನೆನಪಾಯಿತು. ಸ್ಟೆಂಟ್ ಹಾಕಿಸಿಕೊಂಡವರು ಊರಿನ ದೈವದ ನೇಮಕ್ಕೆ ಹೊರಡುವಾಗ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮುಂಬಯಿಯ ರೂಮಿನಲ್ಲೇ ಮರೆತು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ವಾರ ತಪ್ಪಿದರೂ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು.

ಎದೆಭಾರದ ಜೊತೆ ಬೆವರು ಬಂದರೆ, ನೋವು ದವಡೆಗೋ ಕೈಗೋ ಹರಿದರೆ, 108ಕ್ಕೆ ಫೋನ್ ಮಾಡಿ. ವಯಸ್ಸು 30 ಇರಲಿ, 70 ಇರಲಿ. ಆಸ್ಪತ್ರೆಯಲ್ಲಿ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿಯಿದ್ದೂ ನೋವು ನಿಲ್ಲದಿದ್ದರೆ ಇನ್ನೊಮ್ಮೆ ತೆಗೆಯಲು ಹೇಳಿ, ಸಂಕೋಚ ಬೇಡ.

ಆ ಹುಡುಗನ ಹತ್ತಿರ ಮನೆಯವರ ಬಗ್ಗೆ ವಿಚಾರಿಸಿದೆ. ಅಪ್ಪ 48ಕ್ಕೇ ತೀರಿಕೊಂಡಿದ್ದರಂತೆ. ಏನಾಗಿತ್ತು ಎಂದೆ. "ಗ್ಯಾಸ್ ಏರಿತ್ತಂತೆ ಡಾಕ್ಟ್ರೇ." ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯಾಘಾತ ಆಗಿದ್ದರೆ ಉಳಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ತಮ್ಮನನ್ನು ಕರೆಸು ಎಂದೆ. ಡೊಂಬಿವಲಿಯಿಂದ ಬಂದ, 29ರ ಗಟ್ಟಿಮುಟ್ಟಾದ ಹುಡುಗ, ಸಿಗರೇಟು ಮುಟ್ಟಿದವನಲ್ಲ. ಕೆಟ್ಟ ಕೊಲೆಸ್ಟರಾಲ್ 198 ಇತ್ತು, ತೀರಾ ಹೆಚ್ಚು. ಮಾತ್ರೆ ಶುರು ಮಾಡಿದ್ದೇವೆ.