ಸೆಂಟರ್ ಸೇರೋಕೆ ಗಂಡನ ಸಹಿ ಬೇಕಾ?

(ದೃಶ್ಯ: ಆಸ್ಪತ್ರೆಯ ಕಾರಿಡಾರ್, ಉದ್ದ ಬೆಂಚು)

ನಮಸ್ಕಾರ. ಯಾವುದಾದರೂ ಡಿ-ಅಡಿಕ್ಷನ್ ಸೆಂಟರ್ ಹೊರಗಿನ ಬೆಂಚು ನೋಡಿ. ಹೆಂಗಸರು ಕೂತಿರುತ್ತಾರೆ. ತೊಡೆ ಮೇಲೆ ಫೈಲು, ಪಕ್ಕದಲ್ಲಿ ಊಟದ ಡಬ್ಬಿ. ಫೈಲಿನ ಮೇಲಿನ ಹೆಸರು ಮಾತ್ರ ಗಂಡನದೋ ಮಗನದೋ ಆಗಿರುತ್ತದೆ. ಅದು ಅವಳದೇ ಹೆಸರಾಗಿದ್ದರೆ? ಇವತ್ತಿನ ವಿಷಯ ಅದೇ.

(ಪರದೆ ಮೇಲೆ: ಗಂಡಸರು ಶೇ. 27.3, ಹೆಂಗಸರು ಶೇ. 1.6)

2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವವರ ಲೆಕ್ಕ ಇದು. ಆದರೆ ಸಮೀಕ್ಷೆಯವರು ಬಾಗಿಲಿಗೆ ಬಂದಾಗ, ಅತ್ತೆ ಪಕ್ಕದಲ್ಲೇ ನಿಂತಿದ್ದರೆ, "ಹೌದು, ಕುಡಿಯುತ್ತೇನೆ" ಅಂತ ಯಾವ ಸೊಸೆ ಹೇಳುತ್ತಾಳೆ, ಹೇಳಿ?

ಹೆಣ್ಣಿನ ಮೈಯಲ್ಲಿ ನೀರಿನ ಅಂಶ ಕಡಿಮೆ. ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯ ಜಾಸ್ತಿ ಏರುತ್ತದೆ. ಶುರು ಮಾಡಿದ್ದು ತಡವಾದರೂ ಚಟ ಬೇಗ ಬಲಿಯುತ್ತದೆ, ಲಿವರ್ ಬೇಗ ಕೆಡುತ್ತದೆ.

"ಯಾರಿಗೂ ಗೊತ್ತಾಗದ ಹಾಗೆ ಮನೆಯಲ್ಲೇ ಬಿಟ್ಟುಬಿಡ್ತೀನಿ" ಅನ್ನುವವರು ಬಹಳ. ದಯವಿಟ್ಟು ಬೇಡ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದವರು ಬಂದು ಮಾತಾಡಿಸಿದ ಹಾಗೂ ಆಗಬಹುದು. ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಈ ದಿನಗಳನ್ನು ದಾಟಿಸುತ್ತಾರೆ.

ಸರಿ, ಸೇರೋಕೆ ಗಂಡನ ಸಹಿ ಬೇಕಾ?

ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಯೂ ಸೇರುತ್ತದೆ. 18 ತುಂಬಿದ, ತನ್ನ ನಿರ್ಧಾರ ತಾನೇ ಮಾಡಬಲ್ಲ ಹೆಣ್ಣುಮಗಳು, ಡಾಕ್ಟರಿಗೂ ಅಡ್ಮಿಷನ್ ಬೇಕು ಅನ್ನಿಸಿದರೆ, ತಾನೇ ಸೇರಬಹುದು. ಮನೆಯವರು ಒಪ್ಪಬೇಕಾಗಿಲ್ಲ, ಜೊತೆಗೆ ಬರಬೇಕಾಗಿಯೂ ಇಲ್ಲ.

ಮತ್ತೆ ಮಗು? 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ದೂರ ಮಾಡುವಂತಿಲ್ಲ. ಅವಳಿಂದ ಮಗುವಿಗೆ ಅಪಾಯ ಅಂತ ಡಾಕ್ಟರಿಗೆ ಅನ್ನಿಸಿದರೆ ಮಾತ್ರ ಬೇರೆ ಮಾತು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಮುಟ್ಟಿನ ದಿನಗಳಿಗೆ ಬೇಕಾದ್ದು ಅಲ್ಲೇ ಸಿಗಬೇಕು. ಇದೂ ಕಾಯ್ದೆಯಲ್ಲೇ ಇದೆ.

ಕಾಗದದಲ್ಲಿ ಇದ್ದದ್ದೆಲ್ಲ ವಾರ್ಡಿನಲ್ಲಿ ಇರುತ್ತದೆ ಅಂತ ನಂಬಬೇಡಿ. ಸೇರುವ ಮೊದಲೇ ಬಾಯಿಬಿಟ್ಟು ಕೇಳಿ: ಹೆಂಗಸರ ವಾರ್ಡ್ ಬೇರೆ ಇದೆಯಾ, ರಾತ್ರಿ ಡ್ಯೂಟಿಯಲ್ಲಿ ಲೇಡಿ ನರ್ಸ್ ಇರುತ್ತಾರಾ?

ಇನ್ನು ಮಗುವಿಗೆ ನಾಲ್ಕು ವರ್ಷ ಆಗಿದ್ದರೆ? ಅಲ್ಲಿ ಕಾಯ್ದೆ ಕೈಹಿಡಿಯುವುದಿಲ್ಲ. ಅಮ್ಮನೋ ಅಕ್ಕನೋ ಬೇಕು. ನೆಂಟರಿಗೆ "ಹೊಟ್ಟೆ ಆಪರೇಷನ್" ಅಂತ ಹೇಳಿ ಬಂದರೂ ಪರವಾಗಿಲ್ಲ, ನನ್ನ ತಕರಾರಿಲ್ಲ.

(ಪರದೆ ಮೇಲೆ: 14416, 14446)

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಮನೆಯಲ್ಲಿ ಮಾತಾಡೋಕೆ ಆಗಲ್ವಾ? ಬಟ್ಟೆ ಒಣಗಿಸೋಕೆ ಟೆರೇಸ್‌ಗೆ ಹೋಗುತ್ತೀರಲ್ಲ, ಆಗ ಮಾಡಿ.