ಥಂಡಿಯಲ್ಲಿ ಲಾರಿ ಪಿಕಪ್ ಬಿಟ್ಟರೆ ಮೊದಲು ಏನು ನೋಡಬೇಕು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಲಾರಿ ಓಡಿಸುವವರಿಗೆ, ಲಾರಿ ಇಟ್ಟುಕೊಂಡವರಿಗೆ, ಹಾಗೇ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ.

ಡಿಸೆಂಬರ್ ಬಂತೆಂದರೆ ಬ್ಯಾಡಗಿ ಪೇಟೆಗೆ ಒಣ ಮೆಣಸಿನಕಾಯಿ ಬರುವುದಕ್ಕೆ ಶುರುವಾಗುತ್ತದೆ. ಗದಗಿನಿಂದ ಹತ್ತಿ ಹೊರಡುತ್ತದೆ. ಅಮರಗೋಳದ ಎಪಿಎಂಸಿ ಕಡೆ ನಸುಕಿನಲ್ಲೇ ಗಾಡಿಗಳು ಸಾಲು ಹಚ್ಚುತ್ತವೆ. ಇದೇ ಹೊತ್ತಿಗೆ ಗಬ್ಬೂರು ಬೈಪಾಸಿನ ಗ್ಯಾರೇಜುಗಳಲ್ಲಿ ಒಂದೇ ಥರದ ದೂರು ಜಾಸ್ತಿಯಾಗುತ್ತದೆ. ಚೆಕ್ ಲೈಟ್ ಬಂದಿದೆ, ಪಿಕಪ್ ಇಲ್ಲ, ಏರು ಬಂದರೆ ಗಾಡಿ ಲೋಡ್ ಎಳೆಯುವುದಿಲ್ಲ. ಕೇಳಿದರೆ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ: ಥಂಡಿಗೆ ಯೂರಿಯಾ ಗಟ್ಟಿಯಾಗಿದೆ ಮೇಸ್ತ್ರಿ.

ಇಲ್ಲ, ಹಾಗೆ ಆಗುವುದಿಲ್ಲ. ಹೊಗೆಯ ವಿಷ ಕಡಿಮೆ ಮಾಡಲು ಹೊಸ ಲಾರಿಗಳಲ್ಲಿ ಬೇರೆ ಟ್ಯಾಂಕಿಗೆ ತುಂಬುವ ದ್ರಾವಣಕ್ಕೆ ನಾವು ಯೂರಿಯಾ ಅನ್ನುತ್ತೇವೆ. ಆ ದ್ರಾವಣದಲ್ಲಿ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಅದು ಹೆಪ್ಪುಗಟ್ಟುವುದು ಮೈನಸ್ 11 ಡಿಗ್ರಿಯಲ್ಲಿ. ಹುಬ್ಬಳ್ಳಿ ಧಾರವಾಡದಲ್ಲಿ ಎಂಥ ಕೊರೆಯುವ ಮುಂಜಾನೆಯಲ್ಲೂ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾದರೆ ನಮ್ಮೂರಲ್ಲೇ ಥಂಡಿಗೆ ಗಾಡಿ ಯಾಕೆ ಕೈಕೊಡುತ್ತದೆ? ಸೈಲೆನ್ಸರ್ ಬಿಸಿಯಾಗುತ್ತಿಲ್ಲ, ಅದಕ್ಕೆ. ತಣ್ಣಗಾಗಿರುವುದು ಯೂರಿಯಾ ಅಲ್ಲ, ಹೊಗೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6, ಅಂದರೆ ಹೊಗೆಯ ಹೊಸ ನಿಯಮದ ಗಾಡಿಗಳಲ್ಲಿ ಸೈಲೆನ್ಸರ್ ಅನ್ನುವುದು ಬರೀ ಸದ್ದು ಕಡಿಮೆ ಮಾಡುವ ಡಬ್ಬಿ ಅಲ್ಲ. ಒಳಗೆ ಮಸಿ ಹಿಡಿದಿಡುವ ಡಿಪಿಎಫ್ ಫಿಲ್ಟರ್ ಇದೆ. ಅದರ ಮುಂದೆ ಯೂರಿಯಾ ಚಿಮ್ಮಿಸುವ ಇಂಜೆಕ್ಟರ್, ಆಮೇಲೆ ವಿಷದ ಗಾಳಿಯನ್ನು ಸಾದಾ ಗಾಳಿ ಮಾಡುವ ಎಸ್‌ಸಿಆರ್ ಭಾಗ, ಹಿಂದೆ ಮುಂದೆ ಸೆನ್ಸರುಗಳು. ಇದೆಲ್ಲ ನಡೆಯುವುದು ಬಿಸಿಯ ಮೇಲೆ. ಹೊಗೆ ಸುಮಾರು 200 ಡಿಗ್ರಿ ದಾಟದೆ ಯೂರಿಯಾ ಸರಿಯಾಗಿ ಆವಿಯಾಗುವುದಿಲ್ಲ. ಫಿಲ್ಟರಿನ ಮಸಿ ಪೂರ್ತಿ ಸುಟ್ಟು ಬೂದಿಯಾಗಬೇಕಾದರೆ ಹತ್ತಿರ ಹತ್ತಿರ 600 ಡಿಗ್ರಿ ಬೇಕು. ಎಂಜಿನ್ ಸುಮ್ನೆ ಐಡಲಿನಲ್ಲಿ ನಿಂತರೆ ಹೊಗೆಯ ಬಿಸಿ 200ನ್ನೂ ಮುಟ್ಟುವುದಿಲ್ಲ.

ಈಗ ನಮ್ಮ ಗಾಡಿಗಳ ದಿನಚರಿ ನೋಡಿ. ನಸುಕಿನಲ್ಲಿ ಸ್ಟಾರ್ಟ್ ಮಾಡಿ, ಚಹಾ ಕುಡಿದು ಬರುವವರೆಗೆ ಅರ್ಧ ತಾಸು ಐಡಲ್. ಯಾರ್ಡಿನ ಸಾಲಿನಲ್ಲಿ ಹತ್ತು ಹತ್ತು ಅಡಿ ಸರಿಸುತ್ತ ಎರಡು ತಾಸು. ಆಮೇಲೆ ತಾರಿಹಾಳದಿಂದ ಗೋಕುಲ ರಸ್ತೆಗೆ ಒಂದು ಸಣ್ಣ ಬಾಡಿಗೆ, ಅದೂ ಅರ್ಧ ಲೋಡಿನಲ್ಲಿ. ರಾತ್ರಿ ಕ್ಯಾಬಿನ್ ಬೆಚ್ಚಗಿರಲಿ ಅಂತ ಎಂಜಿನ್ ಆನ್ ಇಟ್ಟು ಮಲಗುವವರೂ ಇದ್ದಾರೆ. ಇಡೀ ದಿನ ಸೈಲೆನ್ಸರಿಗೆ ಒಂದು ಸಲವೂ ಸರಿಯಾದ ಬಿಸಿ ಸಿಗುವುದಿಲ್ಲ. ಮಸಿ ಕೂರುತ್ತ ಹೋಗುತ್ತದೆ, ಡಿಪಿಎಫ್ ದೀಪ ಬರುತ್ತದೆ, ಅದನ್ನು ನಾಳೆ ನೋಡೋಣ ಅಂತ ಬಿಟ್ಟರೆ ಒಂದು ದಿನ ಎಂಜಿನ್ ನಡೆಸುವ ಕಂಪ್ಯೂಟರ್ ತಾನೇ ಪವರ್ ಕಡಿತ ಮಾಡುತ್ತದೆ.

ಹಾಗಾಗಿ ದೀಪ ಬಂದ ಕೂಡಲೇ ಸೆನ್ಸರ್ ಬದಲಿಸಬೇಡಿ. ಮೊದಲು ಟೆಂಪರೇಚರ್ ಮುಳ್ಳು ನೋಡಿ. ಲೋಡ್ ಗಾಡಿ ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಮುಳ್ಳು 80 ಡಿಗ್ರಿಯ ಆಸುಪಾಸು ಬಂದು ನಿಲ್ಲಬೇಕು. ಕೆಳಗೇ ಒದ್ದಾಡುತ್ತಿದ್ದರೆ, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಮೇಲೆ ಕಣ್ಣಿಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ ಅಂತ ಆ ವಾಲ್ವ್ ಕಿತ್ತು ಬಿಸಾಕುವ ರೂಢಿ ಹಳೆಯದು. ಹಳೆಯ ಗಾಡಿಗಳು ಹೇಗೋ ತಡೆದುಕೊಂಡವು, ಬಿಎಸ್6 ತಡೆಯುವುದಿಲ್ಲ. ವಾಲ್ವ್ ಇಲ್ಲದಿದ್ದರೆ ಥಂಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಎಂಜಿನ್ ಬಿಸಿಯಾಗದೆ ಕಂಪ್ಯೂಟರ್ ರಿಜನರೇಷನ್, ಅಂದರೆ ಮಸಿ ಸುಡುವ ಕೆಲಸ, ಶುರು ಮಾಡುವುದಿಲ್ಲ. ಸಾವಿರ ಎರಡು ಸಾವಿರದ ವಾಲ್ವ್ ಇಲ್ಲದ್ದಕ್ಕೆ ಲಕ್ಷದ ಲೆಕ್ಕದ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮಾಲೀಕ ಮಾತ್ರ ಯೂರಿಯಾ ಪಂಪನ್ನು ಬೈಯುತ್ತಿರುತ್ತಾನೆ.

ವಾಲ್ವ್ ಸರಿ ಇದೆ, ದೀಪ ಈಗಷ್ಟೇ ಬಂದಿದೆ, ಪವರ್ ಇನ್ನೂ ಬಿದ್ದಿಲ್ಲ ಅಂದರೆ ಗಾಡಿಗೆ ಲೋಡ್ ಹಾಕಿ ನಿಲ್ಲಿಸದೆ ಓಡಿಸಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗ, ಇಲ್ಲ ಹೈವೇ ಹಿಡಿದು ಹಾವೇರಿ. ಒಂದೇ ವೇಗ, ಆರ್‌ಪಿಎಂ ತೀರಾ ಕೆಳಗೆ ಬೀಳದ ಹಾಗೆ ಒಂದು ಗೇರ್ ಕಡಿಮೆ. ಬಹಳ ಸಲ ಇಷ್ಟಕ್ಕೇ ದೀಪ ಆರುತ್ತದೆ. ಆರದಿದ್ದರೆ, ರಿಜನರೇಷನ್ ಸ್ವಿಚ್ ಇರುವ ಗಾಡಿಯಾದರೆ, ನಿಲ್ಲಿಸಿ ರಿಜನರೇಷನ್ ಮಾಡಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಎಂಜಿನ್ ಬಿಸಿ, ಆಮೇಲೆ ಸ್ವಿಚ್. ಅರ್ಧ ತಾಸಿನ ಹತ್ತಿರ ಹಿಡಿಯುತ್ತದೆ. ಬೇಸರ ಬಂದು ನಡುವೆ ಕೀ ತಿರುಗಿಸಬೇಡಿ. ಕೆಲವು ಗಾಡಿಗಳಲ್ಲಿ ಮಸಿ ಸುಡಲು ಬಿಟ್ಟ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಪದೇ ಪದೇ ಅರ್ಧಕ್ಕೆ ನಿಲ್ಲಿಸಿದರೆ ಆಯಿಲ್ ಮಟ್ಟ ಏರುತ್ತ ಹೋಗುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ, ಆಯಿಲ್ ಕಡಿಮೆಯಾಗುವ ಬದಲು ಜಾಸ್ತಿ ಆಗಿದ್ದರೆ ಬದಲಿಸಲೇಬೇಕು.

ಇನ್ನೊಂದು, ಇದು ಜೀವದ ಮಾತು. ರಿಜನರೇಷನ್ ಹೊತ್ತಿನಲ್ಲಿ ಸೈಲೆನ್ಸರ್ ಬಾಯಿಂದ ಬರುವ ಗಾಳಿ ಬೆಂಕಿ ಹಚ್ಚುವಷ್ಟು ಬಿಸಿ ಇರುತ್ತದೆ. ಹತ್ತಿ ಅಂಡಿಗೆಯ ಪಕ್ಕ, ಮೇವಿನ ಬಣವೆಯ ಹತ್ತಿರ, ಒಣಗಿದ ಹುಲ್ಲಿನ ಮೇಲೆ, ಮೆಣಸಿನಕಾಯಿ ಚೀಲದ ಬಳಿ ಖಂಡಿತ ಮಾಡಬೇಡಿ. ಬಯಲು ಕಾಂಕ್ರೀಟ್ ಜಾಗ ನೋಡಿ, ಕ್ಲೀನರ್ ಹುಡುಗನನ್ನು ಹಿಂದೆ ನಿಲ್ಲಲು ಬಿಡಬೇಡಿ.

ಯೂರಿಯಾ ಕಡೆಯ ದೀಪ ಬೇರೆ ಕತೆ. ಅಲ್ಲಿ ಜಾಸ್ತಿ ಕಾಣುವುದು ಬಿಳಿ ಹರಳು. ತಣ್ಣನೆಯ ಸೈಲೆನ್ಸರಿಗೆ ಯೂರಿಯಾ ಬಿದ್ದರೆ ಒಳಗೆ ಗಾರೆ ಬಳಿದ ಹಾಗೆ ಕೂರುತ್ತದೆ. ಪೈಪಿನ ಜಾಯಿಂಟಿನಲ್ಲಿ ಹೊರಗೆ ಕೂತ ಹರಳು ಬಿಸಿನೀರಿಗೆ ಕರಗುತ್ತದೆ, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಒಳಗೆ ಸುಟ್ಟು ಕಲ್ಲಾದದ್ದು ನೀರಿಗೆ ಜಗ್ಗುವುದಿಲ್ಲ, ಬಿಚ್ಚಿಸಿಯೇ ನೋಡಬೇಕು.

ಹರಳು ಆಗುವುದಕ್ಕೆ ನಮ್ಮ ಕೈಯಾರೆ ಮಾಡುವ ಕಾರಣ ಒಂದಿದೆ. ಗಾಡಿ ಬಂದ್ ಮಾಡಿದ ತಕ್ಷಣ ಬ್ಯಾಟರಿಯ ಮೇನ್ ಸ್ವಿಚ್ ತೆಗೆಯುವುದು. ಕೀ ತೆಗೆದ ಮೇಲೂ ಯೂರಿಯಾ ಪಂಪ್ ಸ್ವಲ್ಪ ಹೊತ್ತು ಸದ್ದು ಮಾಡುತ್ತದಲ್ವಾ, ಪೈಪಿನಲ್ಲಿ ಉಳಿದದ್ದನ್ನು ಅದು ಟ್ಯಾಂಕಿಗೆ ವಾಪಸ್ ಎಳೆಯುತ್ತಿರುತ್ತದೆ. ಕರೆಂಟ್ ಕಿತ್ತರೆ ಯೂರಿಯಾ ಪೈಪಿನಲ್ಲೇ ನಿಂತು ಹರಳಾಗುತ್ತದೆ. ಇಲ್ಲಿ ಹರಳು, ಉತ್ತರದ ಹಿಮದಲ್ಲಿ ಮಂಜುಗಡ್ಡೆ ಆಗಿ ಪೈಪನ್ನೇ ಸೀಳುತ್ತದೆ. ಸದ್ದು ನಿಂತ ಮೇಲೂ ಒಂದೆರಡು ನಿಮಿಷ ಬಿಟ್ಟು ಮೇನ್ ಸ್ವಿಚ್ ಮುಟ್ಟಿ. ಡ್ರೈವರಣ್ಣಂದಿರಿಗೆ ಇದೊಂದು ರೂಢಿಯಾದರೆ ಅರ್ಧ ತಾಪತ್ರಯ ಹೋಗುತ್ತದೆ.

ಹೊಲಕ್ಕೆ ಹಾಕುವ ಯೂರಿಯಾವನ್ನು ಬೋರ್ ನೀರಿನಲ್ಲಿ ಕಲಸಿ ಟ್ಯಾಂಕಿಗೆ ಸುರಿಯುವವರು ಇದ್ದಾರೆ ಅಂತ ನನಗೆ ಗೊತ್ತು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನ ಇದೆ, ನಮ್ಮ ಬೋರ್ ನೀರಿನಲ್ಲಿ ಸುಣ್ಣ ಇದೆ. ಎರಡೂ ಸೇರಿ ಇಂಜೆಕ್ಟರ್ ಕಟ್ಟಿಸಿ, ಎಸ್‌ಸಿಆರ್ ಹಾಳು ಮಾಡುತ್ತವೆ. ರೈತನ ಪಾಲಿನ ಸಬ್ಸಿಡಿ ಗೊಬ್ಬರ ಅದು, ಸೈಲೆನ್ಸರಿಗೆ ಸುಡಲು ಕೊಟ್ಟದ್ದಲ್ಲ.

ಈಗ ದೂರ ಹೋಗುವವರ ಮಾತು. ಇಲ್ಲಿಂದ ಮೆಣಸಿನಕಾಯಿ ಏರಿಸಿಕೊಂಡು ದಿಲ್ಲಿಗೆ ಹೋಗಿ, ವಾಪಸ್ ಸೇಬು ಸಿಗುತ್ತದೆ ಅಂತ ಹಿಮಾಚಲ, ಕಾಶ್ಮೀರದ ಕಡೆ ಹತ್ತುವವರಿಗೆ ಯೂರಿಯಾ ನಿಜವಾಗಿಯೂ ಹೆಪ್ಪುಗಟ್ಟಬಹುದು. ಹೆದರಬೇಡಿ. ಯೂರಿಯಾ ಗಟ್ಟಿಯಾದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಎಂಜಿನ್ನಿನ ಬಿಸಿ ಕೂಲಂಟ್, ಅಂದರೆ ರೇಡಿಯೇಟರಿನ ದ್ರವ, ಯೂರಿಯಾ ಟ್ಯಾಂಕಿನೊಳಗಿನ ಪೈಪಿನಲ್ಲಿ ಸುತ್ತಿ ಅದನ್ನು ಕರಗಿಸುತ್ತದೆ. ಕರಗಿದ ಯೂರಿಯಾ ಕೆಟ್ಟಿರುವುದಿಲ್ಲ. ಆದರೆ ಹೆಪ್ಪುಗಟ್ಟುವಾಗ ಅದು ನೂರಕ್ಕೆ ಏಳರಷ್ಟು ಹಿಗ್ಗುತ್ತದೆ, ಅದಕ್ಕೇ ಟ್ಯಾಂಕ್ ಬಾಯಿವರೆಗೆ ತುಂಬಬೇಡಿ. ತೆಳ್ಳಗಾದರೆ ಗಟ್ಟಿಯಾಗಲಿಕ್ಕಿಲ್ಲ ಅಂತ ನೀರು ಸೇರಿಸಬೇಡಿ, ಇನ್ನೂ ಬೇಗ ಗಟ್ಟಿಯಾಗುತ್ತದೆ. ಯೂರಿಯಾ ಜಾಸ್ತಿ ಹಾಕಿದರೂ ಅಷ್ಟೇ. ಎಲ್ಲಕ್ಕಿಂತ ಕಡಿಮೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದು 32.5ರ ಅಳತೆ ಮಾತ್ರ.

ಆ ಕೂಲಂಟ್ ಪೈಪ್ ಸಣ್ಣದು. ರೇಡಿಯೇಟರಿಗೆ ವರ್ಷಗಟ್ಟಲೆ ಬೋರ್ ನೀರು ಹಾಕಿದ ಗಾಡಿಯಲ್ಲಿ ಅದು ಸುಣ್ಣ ಕಟ್ಟಿಕೊಂಡಿರುತ್ತದೆ. ಹುಬ್ಬಳ್ಳಿಯಲ್ಲಿ ಅದು ಗೊತ್ತೇ ಆಗುವುದಿಲ್ಲ, ಸೋಲನ್ ದಾಟಿದ ಮೇಲೆ ಗೊತ್ತಾಗುತ್ತದೆ. ಬರೀ ನೀರಿದ್ದರೆ ಅದೇ ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಒಡೆಯಬಹುದು. ಹೊರಡುವ ಮೊದಲು ಕಂಪನಿ ಹೇಳಿದ ಕೂಲಂಟ್ ಹಾಕಿಸಿ.

ಯೂರಿಯಾಕ್ಕಿಂತ ಮೊದಲು ಅಲ್ಲಿ ಕಾಡುವುದು ಡೀಸೆಲ್. ಥಂಡಿಗೆ ಡೀಸೆಲಿನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚುತ್ತದೆ. ನಮ್ಮ ದೇಶದ ಡೀಸೆಲ್ ನಿಯಮದಲ್ಲಿ ಬೇಸಿಗೆಗೆ ಬೇರೆ ಅಳತೆ, ಚಳಿಗಾಲಕ್ಕೆ ಬೇರೆ ಅಳತೆ ಇದೆ. ಚಳಿಗಾಲದ ಡೀಸೆಲ್ 6 ಡಿಗ್ರಿವರೆಗೆ ಫಿಲ್ಟರ್ ದಾಟಿದರೆ ಸಾಕು ಅನ್ನುತ್ತದೆ ನಿಯಮ. ಅಲ್ಲಿ ರಾತ್ರಿ ಅದಕ್ಕಿಂತ ಬಹಳ ಕೆಳಗೆ ಹೋಗುತ್ತದೆ. ಲಡಾಖ್ ಕಡೆಗೆ ಅಂತಲೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಹಾಗಾಗಿ ಇಲ್ಲಿಂದ ತುಂಬಿಸಿದ್ದನ್ನು ದಾರಿಯಲ್ಲಿ ಖಾಲಿ ಮಾಡಿ, ಬೆಟ್ಟ ಹತ್ತುವ ಮೊದಲು ಅಲ್ಲಿನ ಡೀಸೆಲ್ ತುಂಬಿಸಿ. ಹಳೆಯ ಡ್ರೈವರುಗಳು ಸೀಮೆಎಣ್ಣೆ ಬೆರೆಸುತ್ತಿದ್ದರು. ಬಿಎಸ್6 ಡೀಸೆಲಿನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಹತ್ತು ಭಾಗ ಮಾತ್ರ, ಸೀಮೆಎಣ್ಣೆಯಲ್ಲಿ ಅದು ಬಹಳ ಜಾಸ್ತಿ, ಜಿಡ್ಡು ಕಡಿಮೆ, ಪಂಪೂ ಹೋಗುತ್ತದೆ, ಸೈಲೆನ್ಸರೂ ಹೋಗುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವುದಂತೂ ಬೇಡವೇ ಬೇಡ. ಪಕ್ಕದ ಯೂರಿಯಾ ಟ್ಯಾಂಕ್ ಪ್ಲಾಸ್ಟಿಕ್, ಸುತ್ತ ವೈರಿಂಗ್.

ಮುಂಜಾನೆ ಸೆಲ್ಫ್ ಹೊಡೆದ ಕೂಡಲೇ ಐದಾರು ದೀಪ ಒಟ್ಟಿಗೆ ಬಂದರೆ ಅಷ್ಟೂ ಪಾರ್ಟ್ ಕೆಟ್ಟಿವೆ ಅಂತಲ್ಲ. ಥಂಡಿಗೆ ಬ್ಯಾಟರಿ ಸೋತು ವೋಲ್ಟೇಜ್ ಬಿದ್ದರೆ ಕಂಪ್ಯೂಟರಿಗೆ ಸೆನ್ಸರುಗಳ ಸುದ್ದಿ ಸಿಗುವುದಿಲ್ಲ. ಮೊದಲು ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್ ನೋಡಿ.

ಇದೆಲ್ಲ ರಗಳೆಯೇ ಬೇಡ ಅಂತ ಯೂರಿಯಾ ಲೈನ್ ಕತ್ತರಿಸಿ, ಕಂಪ್ಯೂಟರಿಗೆ ಸುಳ್ಳು ಹೇಳುವ ಡಬ್ಬಿ ಕೂರಿಸುತ್ತೇವೆ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಕಾನೂನು ಒಪ್ಪುವುದಿಲ್ಲ, ಆ ಹೊಗೆ ಹೋಗುವುದು ನಮ್ಮ ಓಣಿಯ ಮಕ್ಕಳ ಎದೆಗೆ.

ದಾರಿಯಲ್ಲಿ ಗಾಡಿ ನಿಂತರೆ ಒಂದು ಕೆಲಸ ಮಾಡಿ. ಸ್ಕ್ಯಾನರ್ ತಂದವರು ಕಂಪ್ಯೂಟರ್ ತೋರಿಸುವ ದೋಷದ ಕೋಡ್ ಅಳಿಸುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಆ ಹೊತ್ತಿಗೆ ಟೆಂಪರೇಚರ್ ಮುಳ್ಳು ಎಲ್ಲಿತ್ತು, ಕೊನೆಗೆ ಯೂರಿಯಾ ಎಲ್ಲಿ ತುಂಬಿಸಿದ್ದು, ರಾತ್ರಿ ಎಷ್ಟು ಹೊತ್ತು ಐಡಲಿನಲ್ಲಿ ನಿಂತಿತ್ತು ಅನ್ನುವುದನ್ನೂ ಬರೆದಿಡಿ. ಅದನ್ನು ನಿಮ್ಮ ಮೇಸ್ತ್ರಿಗೆ ವಾಟ್ಸಾಪ್ ಮಾಡಿದರೆ, ಅವರು ಹುಬ್ಬಳ್ಳಿಯಲ್ಲೇ ಕೂತು ಮೊದಲು ಯಾವುದನ್ನು ಬಿಚ್ಚಬೇಕು ಅಂತ ಹೇಳಬಲ್ಲರು.