ಕಚ್ಚಬಹುದು ಅಂತ ಹೇಳಿಯೇ ನಾಯಿಗೆ ಮನೆ ಹುಡುಕುವುದು ಹೇಗೆ?

[ದೃಶ್ಯ: ಶೆಲ್ಟರ್ ಅಂಗಳ, ಬೆಳಗಿನ ಹೊತ್ತು. ಜಾಲರಿಯ ಹಿಂದೆ ಕಂದು ಬಣ್ಣದ ನಾಟಿ ನಾಯಿ.]

ನಮಸ್ಕಾರ್ರೀ ಎಲ್ಲರಿಗೂ. ನಾನು ಕಲಬುರಗಿಯಿಂದ ಮಾತಾಡ್ತಿದ್ದೇನೆ. ಇವನ ಹೆಸರು ಮೋತಿ. ವಯಸ್ಸು ಸುಮಾರು ನಾಲ್ಕು. ಸೇಡಂ ರಸ್ತೆ ಕಡೆ ಒಂದು ಖಾಲಿ ಪ್ಲಾಟಿನಲ್ಲಿ ಕಾವಲಿಗೆ ಅಂತ ಮರಿ ಇದ್ದಾಗಲೇ ಚೈನು ಹಾಕಿ ಕಟ್ಟಿದ್ದರು. ಪ್ಲಾಟ್ ಮಾರಿ ಹೋದರು, ನಾಯಿ ಅಲ್ಲೇ ಉಳಿಯಿತು. ಈಗ ಇಂಥ ನಾಯಿಗಳನ್ನು ನೋಡಿಕೊಳ್ಳುವ ನಮ್ಮ ಶೆಲ್ಟರ್‌ನಲ್ಲಿದ್ದಾನೆ. ಹೆಲ್ಮೆಟ್ ಹಾಕಿದ ಗಂಡಸರನ್ನು ಕಂಡರೆ ಜಾಲರಿಗೆ ಹಾರುತ್ತಾನೆ. ಊಟದ ತಾಟಿನ ಹತ್ತಿರ ಕೈ ಹೋದರೆ ಗುರ್ ಅನ್ನುತ್ತಾನೆ. ಒಂದು ಮನೆಗೆ ಹೋಗಿ ವಾಪಸ್ಸೂ ಬಂದಿದ್ದಾನೆ.

ಇಂಥ ನಾಯಿಗೆ ಮನೆ ಸಿಗುತ್ತಾ? ಸಿಗುತ್ತೆ. ಆದರೆ ಅವನ ಗುಣ ಮುಚ್ಚಿಟ್ಟು ಕೊಟ್ಟರೆ ಆ ಮನೆ ಉಳಿಯಲ್ಲ. ಇವತ್ತಿನ ವಿಡಿಯೋ ಪೂರ್ತಿ ಇದರ ಬಗ್ಗೆನೇ.

[ದೃಶ್ಯ: ಮೊಬೈಲ್ ಪರದೆ, ವಾಟ್ಸಾಪ್ ಗ್ರೂಪ್.]

ಇಂಥ ಪೋಸ್ಟ್ ನೀವೂ ನೋಡಿರ್ತೀರಿ: "ತುಂಬಾ ಪ್ರೀತಿಯ ನಾಯಿ, ಮಕ್ಕಳ ಜೊತೆ ಚೆನ್ನಾಗಿರುತ್ತೆ, ಅರ್ಜೆಂಟ್ ಮನೆ ಬೇಕು." ಬರೆದವರ ಮನಸ್ಸು ಒಳ್ಳೆಯದೇ. ಆದರೆ ಅದನ್ನು ನಂಬಿ ಸಣ್ಣ ಮಕ್ಕಳಿರುವ ಮನೆಯವರು ನಾಯಿ ಕರೆದುಕೊಂಡು ಹೋಗುತ್ತಾರೆ. ಒಂದು ದಿನ ಮಗು ತಾಟಿಗೆ ಕೈ ಹಾಕುತ್ತೆ. ಮಗುವಿಗೆ ಗಾಯ, ನಾಯಿಗೆ "ಕಚ್ಚೋ ನಾಯಿ" ಅನ್ನೋ ಹೆಸರು. ಆಮೇಲೆ ಎರಡನೇ ಮನೆ ಹುಡುಕುವುದು ಮೊದಲಿಗಿಂತ ಎಷ್ಟೋ ಕಷ್ಟ.

ಹಾಗಂತ "ಸಿಟ್ಟಿನ ನಾಯಿ" ಅಂತ ಬರೆದರೂ ಉಪಯೋಗ ಇಲ್ಲ. ಯಾರ ಮೇಲೆ ಸಿಟ್ಟು? ಎಷ್ಟು ದೂರದಲ್ಲಿ? ಅದಕ್ಕೆ ಮುಂಚೆ ಏನಾಯಿತು? ಸುಮ್ಮನಾಗಲಿಕ್ಕೆ ಎಷ್ಟು ಹೊತ್ತು ಬೇಕು? ಕಣ್ಣಿಗೆ ಕಂಡಿದ್ದನ್ನು ಹಾಗೇ ಬರೆಯಬೇಕು. ಮೋತಿಯ ವಹಿಯಲ್ಲಿ ಹೀಗಿದೆ: "ಹೆಲ್ಮೆಟ್ ಹಾಕಿದವರು ಗೇಟಿನ ಒಳಗೆ ಬಂದರೆ ಬೊಗಳುತ್ತಾನೆ, ಕೂದಲು ನಿಲ್ಲಿಸುತ್ತಾನೆ. ಹೆಲ್ಮೆಟ್ ತೆಗೆದು ಪಕ್ಕಕ್ಕೆ ತಿರುಗಿ ಕೂತರೆ ಐದು ನಿಮಿಷದಲ್ಲಿ ಮೂಸಲು ಬರುತ್ತಾನೆ. ಹೆಂಗಸರ ಹತ್ತಿರ ಅಂಜಿಕೆ ಇಲ್ಲ. ಬೇರೆ ನಾಯಿಗಳ ಜೊತೆ ತೊಂದರೆ ಇಲ್ಲ, ಊಟ ಮಾತ್ರ ಬೇರೆ ಕೊಡಬೇಕು." ಇದನ್ನು ಓದಿದರೆ ನಮ್ಮ ಮನೆಗೆ ಆಗುತ್ತೋ ಇಲ್ಲವೋ ಅಂತ ಯಾರಿಗಾದರೂ ಗೊತ್ತಾಗುತ್ತೆ, ಅಲ್ವಾ?

ಕಚ್ಚಿದ್ದರೆ ಅದನ್ನೂ ಬರೆಯಬೇಕು, ಎಷ್ಟು ಆಳ ಅನ್ನೋದರ ಸಮೇತ. ಇಯಾನ್ ಡನ್‌ಬಾರ್ ಅನ್ನೋ ಪಶುವೈದ್ಯರು ನಾಯಿ ಕಡಿತಕ್ಕೆ ಆರು ಹಂತದ ಅಳತೆ ಮಾಡಿದ್ದಾರೆ. ಮೊದಲ ಹಂತದಲ್ಲಿ ಹಲ್ಲು ಚರ್ಮಕ್ಕೆ ತಾಗುವುದೇ ಇಲ್ಲ, ಬರೀ ಗಾಳಿಯಲ್ಲಿ ಕಚ್ಚುವುದು. ಎರಡನೇದರಲ್ಲಿ ತಾಗುತ್ತೆ, ತೂತು ಬೀಳಲ್ಲ. ಮೂರರಲ್ಲಿ ತೂತು ಬೀಳುತ್ತೆ, ಆದರೆ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆ ಆಳ. ನಾಲ್ಕರಲ್ಲಿ ಅದಕ್ಕಿಂತ ಆಳ. ಮುಂದಿನ ಎರಡು ಇನ್ನೂ ಭೀಕರ. ಮೋತಿ ಎರಡನೇ ಹಂತದಲ್ಲಿದ್ದಾನೆ. ಒಂದು, ಎರಡರ ನಾಯಿಗಳ ಜೊತೆ ಕೆಲಸ ಮಾಡಬಹುದು. ಮೂರಾದರೆ ಅನುಭವ ಇರುವ, ಮಕ್ಕಳಿಲ್ಲದ ಮನೆ ಬೇಕು. ನಾಲ್ಕು ಇಲ್ಲವೇ ಅದಕ್ಕಿಂತ ಮೇಲಿನ ಹಂತದ ನಾಯಿಯನ್ನು ಮನೆಗೆ ಕೊಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹೇಳಲಿಕ್ಕೆ ಸಂಕಟ ಆಗುತ್ತೆ, ಆದರೂ ಹೇಳಲೇಬೇಕು.

[ದೃಶ್ಯ: ಡಾಕ್ಟರ್ ನಾಯಿಯ ಕಿವಿ ನೋಡುತ್ತಿರುವುದು.]

ತರಬೇತಿಗಿಂತ ಮುಂಚೆ ಡಾಕ್ಟರ್. ಇದ್ದಕ್ಕಿದ್ದ ಹಾಗೆ ಮುಟ್ಟಿಸಿಕೊಳ್ಳದ ನಾಯಿಗೆ ಎಲ್ಲೋ ನೋವಿರಬಹುದು. ಕಿವಿಯಲ್ಲಿ ಸೋಂಕು, ಹುಳುಕು ಹಲ್ಲು, ಸೊಂಟದ ಕೀಲು ನೋವು, ಹಳೇ ಗಾಯ. ನಮ್ಮ ಕಡೆ ನಾಯಿಯ ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳ ಜಾಸ್ತಿ. ಉಣ್ಣೆ ಜ್ವರ ಬಂದ ನಾಯಿಗೆ ಮೈಯೆಲ್ಲಾ ನೋವು, ಮುಟ್ಟಿದರೆ ಗುರ್ ಅನ್ನುತ್ತೆ. ರಕ್ತ ಪರೀಕ್ಷೆ ಮಾಡಿಸಿ. ಊರಲ್ಲಿ ಆಗದ ತಪಾಸಣೆಗೆ ಬೀದರ್‌ನ ಪಶುವೈದ್ಯಕೀಯ ಕಾಲೇಜು ಇದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರ್‌ನಲ್ಲಿ, ಕಲಬುರಗಿಯಿಂದ ಸುಮಾರು 110 ಕಿಲೋಮೀಟರ್. ಸಂತಾನಹರಣ ಆಪರೇಷನ್ನೂ ಮಾಡಿಸಿ, ಆದರೆ ಅದರಿಂದ ಅಂಜಿಕೆ ಹೋಗುತ್ತೆ ಅಂತ ಕಾಯಬೇಡಿ. ಅಂಜಿಕೆಗೆ ಬೇರೆ ಕೆಲಸ ಬೇಕು.

ಇನ್ನೊಂದು ಮಾತು. ಶೆಲ್ಟರ್‌ನಲ್ಲಿ ಕಾಣುವ ನಾಯಿ ಪೂರ್ತಿ ನಾಯಿ ಅಲ್ಲ. ದಿನವಿಡೀ ಸುತ್ತ ಬೊಗಳಾಟ, ಹೊಸ ಹೊಸ ಜನ, ಸರಿಯಾಗಿ ನಿದ್ದೆ ಇಲ್ಲ. ಜಾಲರಿಯ ಹಿಂದೆ ಕುಣಿದಾಡುವ ನಾಯಿ ಮನೆಯಲ್ಲಿ ಮೂಲೆ ಹಿಡಿದು ಮಲಗಬಹುದು. ಶೆಲ್ಟರ್‌ನಲ್ಲಿ ಸುಮ್ನೆ ಕೂತಿರುವ ನಾಯಿ ಒಳಗೊಳಗೇ ಹೆದರಿ ಕಲ್ಲಾಗಿರಬಹುದು, ಮನೆಗೆ ಹೋದ ಮೇಲೆ ಬೊಗಳಲು ಶುರು ಮಾಡಬಹುದು. ಅದಕ್ಕೇ ಎರಡು ವಾರಕ್ಕಾದರೂ ಫಾಸ್ಟರ್ ಮನೆ, ಅಂದರೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮನೆ, ಸಿಕ್ಕರೆ ಅದು ದೊಡ್ಡ ಸಹಾಯ. ಆ ಮನೆಯವರು ಬರೆದುಕೊಟ್ಟ ನಾಲ್ಕು ಸಾಲು ನಮ್ಮ ನಾಲ್ಕು ಪುಟಕ್ಕಿಂತ ಹೆಚ್ಚು ಹೇಳುತ್ತೆ.

[ದೃಶ್ಯ: ಖಾಲಿ ಮೈದಾನ. ದೂರದಲ್ಲಿ ಹೆಲ್ಮೆಟ್ ಹಾಕಿ ಪಕ್ಕಕ್ಕೆ ತಿರುಗಿ ನಿಂತ ವ್ಯಕ್ತಿ. ಈ ಕಡೆ ಮೋತಿ, ಉದ್ದನೆ ಹಗ್ಗ.]

ಈಗ ತರಬೇತಿ. ಮೋತಿ ಹೆಲ್ಮೆಟ್ ನೋಡಿಯೂ ಬೊಗಳದೇ ಇರುವ ದೂರ ಎಷ್ಟು ಅಂತ ಮೊದಲು ಹುಡುಕಿದೆವು. ಸುಮಾರು ಮೂವತ್ತು ಹೆಜ್ಜೆ. ಅಲ್ಲಿಂದ ಶುರು. ಹೆಲ್ಮೆಟ್ ಕಂಡಿತು, ಬೇಯಿಸಿದ ಕೋಳಿಯ ಚೂರು ಬಾಯಿಗೆ. ಹೆಲ್ಮೆಟ್ ಮರೆಯಾಯಿತು, ಕೋಳಿ ನಿಂತಿತು. ಬೇಕಾದ್ದು ಇಷ್ಟೇ, ಆದರೆ ದಿನಾ ಬೇಕು. ಕೆಲವು ದಿನಗಳ ಮೇಲೆ ನಾಯಿ ಹೆಲ್ಮೆಟ್ ನೋಡಿ ತಾನಾಗೇ ನಿಮ್ಮ ಮುಖ ನೋಡುತ್ತೆ, "ಎಲ್ಲಿ ಚೂರು?" ಅಂತ. ಆಗ ಎರಡು ಹೆಜ್ಜೆ ಹತ್ತಿರ. ಬೊಗಳಿದರೆ ನಾವು ಅವಸರ ಮಾಡಿದೆವು ಅಂತ ಅರ್ಥ, ಮತ್ತೆ ದೂರ ಹೋಗಬೇಕು. ಕೋಳಿಗೆ ಉಪ್ಪು, ಖಾರ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಏನೂ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ.

ಹೊತ್ತೂ ಮುಖ್ಯ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ಬೆಳಿಗ್ಗೆ ಏಳರೊಳಗೆ, ಇಲ್ಲಾ ರಾತ್ರಿ ರಸ್ತೆ ಆರಿದ ಮೇಲೆ. ಅಂಗೈ ಹಿಂಭಾಗವನ್ನು ಐದಾರು ಸೆಕೆಂಡ್ ಡಾಂಬರಿನ ಮೇಲೆ ಇಟ್ಟು ನೋಡಿ. ನಿಮ್ಮ ಕೈ ಸುಟ್ಟರೆ ಅದರ ಪಾದವೂ ಸುಡುತ್ತೆ. ಬಿಸಿಲಿಗೆ ಬಳಲಿದ ನಾಯಿ ಏನೂ ಕಲಿಯಲ್ಲ. ಮನೆಯೊಳಗೆ ಶಹಾಬಾದ್ ಕಲ್ಲಿನ ಫರಸಿ ಇದ್ದರೆ ಮಧ್ಯಾಹ್ನ ಅದರ ಮೇಲೆ ಮಲಗಲು ಬಿಡಿ, ಅದಕ್ಕಿಂತ ತಂಪು ಜಾಗ ಅವನಿಗೆ ಬೇಕಿಲ್ಲ.

ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಇದನ್ನು ಕೈ ಮುಗಿದು ಕೇಳ್ತೇನೆ. ಗುರ್ ಅನ್ನುವುದು "ಹತ್ತಿರ ಬರಬೇಡ" ಅಂತ ನಾಯಿ ಕೊಡುವ ಎಚ್ಚರಿಕೆ. ಹೊಡೆದು ಹೊಡೆದು ಅದನ್ನು ನಿಲ್ಲಿಸಿದರೆ ಅಂಜಿಕೆ ಒಳಗೇ ಇರುತ್ತೆ, ಎಚ್ಚರಿಕೆ ಮಾತ್ರ ಹೋಗುತ್ತೆ. ಆಮೇಲೆ ಜನ ಹೇಳ್ತಾರೆ, "ಸುಮ್ನೆ ಇತ್ರೀ, ಒಮ್ಮಿಂದೊಮ್ಮೆಲೆ ಕಚ್ಚಿಬಿಡ್ತು" ಅಂತ. ಗುರ್ ಅನ್ನುವುದಕ್ಕೂ ಮುಂಚೆ ಸಣ್ಣ ಸುಳಿವುಗಳು ಇರುತ್ತವೆ. ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ಆ ಕಡೆ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು, ಮೈ ಬಿಗಿ ಹಿಡಿಯುವುದು. ಬಾಲ ಆಡಿಸಿದರೆ ಖುಷಿ ಅಂತಲೇ ಅಲ್ಲ. ಬಿಗಿಯಾಗಿ ಮೇಲೆತ್ತಿದ ಬಾಲ ಟಕಟಕ ಆಡುತ್ತಿದ್ದರೆ ಹಿಂದೆ ಸರಿಯಿರಿ.

ತಾಟಿನ ವಿಷಯವೂ ಹಾಗೇ. "ಊಟದಲ್ಲಿ ಕೈ ಆಡಿಸಿ ರೂಢಿ ಮಾಡಿಸಿ" ಅಂತ ಹಳಬರು ಹೇಳ್ತಾರೆ. ಮಾಡಬೇಡಿ. ಊಟ ಕಸಿಯುತ್ತಾರೆ ಅನ್ನೋ ಅಂಜಿಕೆ ಇರುವ ನಾಯಿಗೆ ಅದರಿಂದ ಅಂಜಿಕೆ ಖಾತ್ರಿಯಾಗುತ್ತೆ ಅಷ್ಟೇ. ಅವನು ಉಣ್ಣುವಾಗ ದೂರದಿಂದ ಹಾದು ಹೋಗುತ್ತಾ ತಾಟಿನಲ್ಲಿರುವುದಕ್ಕಿಂತ ರುಚಿಯಾದ ಚೂರು ಎಸೆದು ಮುಂದೆ ಹೋಗಿ. ಮನುಷ್ಯ ಹತ್ತಿರ ಬಂದರೆ ಊಟ ಹೆಚ್ಚಾಗುತ್ತೆ ಅಂತ ಅವನಿಗೆ ಗೊತ್ತಾಗಲಿ. ಮಕ್ಕಳಿಂದ ಇದನ್ನು ಮಾಡಿಸಬೇಡಿ.

ಮೂತಿಗೆ ಹಾಕುವ ಜಾಲರಿಯನ್ನೂ ಮೊದಲೇ ರೂಢಿ ಮಾಡಿಸಿ, ಒಳಗೆ ತಿಂಡಿ ಇಟ್ಟು. ಬುಟ್ಟಿಯ ಹಾಗಿರುವುದೇ ಬೇಕು. ನಾಯಿ ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳುತ್ತೆ. ಬಾಯಿ ಬಿಗಿದು ಮುಚ್ಚುವ ಬಟ್ಟೆಯ ಮಜಲ್ ಹಾಕಿ ನಮ್ಮ ಬಿಸಿಲಲ್ಲಿ ನಡೆಸಿದರೆ ಜೀವಕ್ಕೇ ಅಪಾಯ.

[ದೃಶ್ಯ: ಮನೆಯ ಗೇಟು, ಪಡಸಾಲೆ, ಮಾಳಿಗೆ ಮೆಟ್ಟಿಲು.]

ಸರಿ, ಯಾವ ಮನೆ? "ನಾಯಿ ಅಂದರೆ ನನಗೆ ಪ್ರಾಣ" ಅನ್ನೋದು ಒಳ್ಳೆಯ ಮಾತು. ಆದರೂ ನಾನು ಕೇಳುವುದು ಬೇರೆ. ಮನೆಯಲ್ಲಿ ಯಾರ್ಯಾರು ಇದ್ದೀರಿ? ಆಯಿ, ಮುತ್ಯಾ ಒಪ್ಪಿದ್ದಾರಾ? ಬಾಡಿಗೆ ಮನೆಯಾ? ಮೇಲಿನ ಮನೆಯವರು ಇದೇ ಗೇಟಿನಿಂದ ಹೋಗ್ತಾರಾ? ಹಾಲಿನವರು, ಗ್ಯಾಸ್ ಸಿಲಿಂಡರ್‌ನವರು ಎಲ್ಲಿವರೆಗೆ ಬರ್ತಾರೆ? ಗೇಟಿಗೂ ಬಾಗಿಲಿಗೂ ನಡುವೆ ಇನ್ನೊಂದು ಬಾಗಿಲಿದೆಯಾ? ಮೋತಿಯಂಥ ನಾಯಿಗೆ ಆ ಎರಡನೇ ಬಾಗಿಲು ದೊಡ್ಡ ಆಧಾರ. ಅಪ್ಪನ ಗುಡಿ ಹತ್ತಿರ ಮನೆಯಿದ್ದರೆ ಶರಣಬಸವೇಶ್ವರ ಜಾತ್ರೆಗೆ ನೆಂಟರು ತುಂಬುತ್ತಾರೆ. ದರ್ಗಾ ಕಡೆಯಾದರೆ ಉರುಸಿನ ಜನ. ಆ ದಿನಗಳಲ್ಲಿ ನಾಯಿ ಯಾವ ಕೋಣೆಯಲ್ಲಿರುತ್ತೆ? ದೀಪಾವಳಿ ಪಟಾಕಿಗೆ ಏನು ಮಾಡ್ತೀರಿ? ಉತ್ತರ ಗೊತ್ತಿಲ್ಲದಿದ್ದರೂ ನಡೆಯುತ್ತೆ, ಕೂತು ಯೋಚನೆ ಮಾಡುವ ಮನೆ ನಮಗೆ ಸಾಕು.

"ಹೊಲಕ್ಕೆ ಕಾವಲು ನಾಯಿ ಬೇಕ್ರೀ, ಜೋರಿದ್ದರೆ ಛಲೋನೇ ಆಯ್ತು" ಅನ್ನೋ ಕರೆಗಳು ಜಾಸ್ತಿ ಬರುತ್ತವೆ. ಅವರಿಗೆ ನಾನು ಇಲ್ಲ ಅನ್ನುತ್ತೇನೆ. ಮೋತಿ ಬೊಗಳುವುದು ಧೈರ್ಯದಿಂದಲ್ಲ, ಹೆದರಿಕೆಯಿಂದ. ಮತ್ತೆ ಚೈನಿಗೆ ಕಟ್ಟಿದರೆ ಆ ಹೆದರಿಕೆ ಎರಡರಷ್ಟಾಗುತ್ತೆ, ಕೂಲಿಗೆ ಬಂದವರಿಗೂ ಅಪಾಯ. ಗಿಡ್ಡ ಇಲ್ಲವೇ ಭಾರದ ಚೈನಿನಲ್ಲಿ ಅತಿಯಾದ ಹೊತ್ತು ಕಟ್ಟಿ ಹಾಕುವುದು, ಸಾಕಿದ ಪ್ರಾಣಿಯನ್ನು ಬಿಟ್ಟು ಹೋಗುವುದು ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಇನ್ನೊಂದು ಕಾನೂನಿನ ಮಾತು. ಬೀದಿ ನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿ, ಆಪರೇಷನ್ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ ಅಥವಾ ಮೈಮೇಲೆ ಎರಗುವ ನಾಯಿಗಳನ್ನು ಬಿಡಬಾರದು ಅಂತ ಇದೆ. ದತ್ತು ತಗೊಂಡವರು ನಾಯಿ ಮತ್ತೆ ಬೀದಿಗೆ ಬರದ ಹಾಗೆ ನೋಡಿಕೊಳ್ಳಬೇಕು ಅಂತಲೂ ಇದೆ. ಅಂದರೆ "ಜೋರು ನಾಯಿ" ಅನ್ನಿಸಿಕೊಂಡ ಜೀವಕ್ಕೆ ಶೆಲ್ಟರ್‌ನಿಂದ ಹೊರಗೆ ಬರಲು ಇರುವ ದಾರಿ ಮನೆ ಒಂದೇ. ನಾವು ಇಷ್ಟು ಕಷ್ಟಪಡುವುದು ಅದಕ್ಕೇ.

ಮನೆ ಸಿಕ್ಕ ಮೇಲೆ ಒಂದೇ ದಿನದಲ್ಲಿ ಕೊಟ್ಟು ಕಳಿಸಬೇಡಿ. ಮನೆಯವರೆಲ್ಲ ಶೆಲ್ಟರ್‌ಗೆ ಬಂದು ಸುಮ್ನೆ ಪಕ್ಕದಲ್ಲಿ ಕೂರಲಿ. ಆಮೇಲೆ ಜೊತೆಗೆ ವಾಕಿಂಗ್. ಆಮೇಲೆ ಒಂದು ತಿಂಗಳು ನೋಡಿ ಹೇಳಿ ಅಂತ ಕಳಿಸುವುದು. "ಆಗದಿದ್ದರೆ ನಮ್ಮಲ್ಲಿಗೇ ವಾಪಸ್ ತನ್ನಿ, ಬೀದಿಗೆ ಬಿಡಬೇಡಿ, ಬೇರೆಯವರಿಗೆ ಕೊಡಬೇಡಿ" ಅಂತ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿ. ವಾಪಸ್ ತಂದವರಿಗೆ ಬೈಯಬೇಡಿ. ಬೈಗುಳಕ್ಕೆ ಅಂಜಿದವರು ಮುಂದಿನ ಸಲ ರಾತ್ರಿ ಎಲ್ಲೋ ರಿಂಗ್ ರೋಡಿನಲ್ಲಿ ಬಿಟ್ಟು ಹೋಗ್ತಾರೆ.

ಮೊದಲ ಮೂರು ದಿನ ನಾಯಿ ಉಣ್ಣದೇ ಇರಬಹುದು, ಮಂಚದ ಕೆಳಗೇ ಇರಬಹುದು. ಮೂರು ವಾರಕ್ಕೆ ಮನೆಯ ದಿನಚರಿ ಗೊತ್ತಾಗುತ್ತೆ, ನಿಜವಾದ ಗುಣವೂ ಆಗಲೇ ಹೊರಬರುವುದು. ಮೂರು ತಿಂಗಳಿಗೆ ನೆಲೆ ನಿಲ್ಲುತ್ತೆ. ಇದು ಶೆಲ್ಟರ್‌ನವರ ಅಂದಾಜು, ಒಂದೊಂದು ನಾಯಿಗೆ ಒಂದೊಂದು ಲೆಕ್ಕ. ಆ ದಿನಗಳಲ್ಲಿ ನೆರೆಯವರನ್ನು ಕರೆದು ತೋರಿಸುವುದು, ಸ್ನಾನ ಮಾಡಿಸುವುದು, ಅಪ್ಪಿಕೊಂಡು ಸೆಲ್ಫಿ ತಗೊಳ್ಳುವುದು ಬೇಡ.

ರೇಬೀಸ್ ಲಸಿಕೆ ಹಾಕಿಸಿದ ಕಾಗದ ನಾಯಿಯ ಜೊತೆಗೇ ಹೋಗಬೇಕು, ವರ್ಷಾ ವರ್ಷ ಹಾಕಿಸಬೇಕು. ಹಲ್ಲು ಸ್ವಲ್ಪ ತಾಗಿ ಗೀರು ಬಿದ್ದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಖಾರದಪುಡಿ, ಸುಣ್ಣ ಹಚ್ಚಬೇಡಿ. ನಾಯಿಯನ್ನು 10 ದಿನ ಗಮನಿಸಿ, ಆದರೆ ಅದಕ್ಕಾಗಿ ಇಂಜೆಕ್ಷನ್ ಮುಂದೂಡಬೇಡಿ.

[ದೃಶ್ಯ: ಮೋತಿಯ ಪೋಸ್ಟರ್.]

ಮೋತಿಯ ಪೋಸ್ಟರ್‌ನಲ್ಲಿ ನಾವು ಬರೆದಿರುವುದು ಇದು: "ದೊಡ್ಡವರಷ್ಟೇ ಇರುವ ಮನೆ ಬೇಕು. ಎರಡು ಬಾಗಿಲು ಇರಬೇಕು. ಊಟದ ಹೊತ್ತಿಗೆ ಒಬ್ಬನೇ ಇರಲು ಬಿಡಬೇಕು. ಹೆಲ್ಮೆಟ್ ಹೊರಗೇ ತೆಗೆದು ಒಳಗೆ ಬರಬೇಕು. ರಾತ್ರಿ ನಿಮ್ಮ ಮಂಚದ ಪಕ್ಕ ಮಲಗುತ್ತಾನೆ, ಬೆಳಿಗ್ಗೆ ನೀವು ಏಳುವ ತನಕ ಎಬ್ಬಿಸಲ್ಲ." ಈ ಪೋಸ್ಟರ್ ನೋಡಿ ಕರೆ ಮಾಡುವವರು ಕಡಿಮೆ. ಮಾಡಿದವರು ಮಾತ್ರ ಸರಿಯಾದ ಪ್ರಶ್ನೆ ಕೇಳ್ತಾರೆ.

ನಾಯಿ ಸಾಕಲು ಆಗದವರಿಗೂ ಒಂದು ಕೆಲಸ ಇದೆ. ನಿಮ್ಮ ಹತ್ತಿರ ಬೈಕು, ಹೆಲ್ಮೆಟ್ ಇದ್ದರೆ, ಬೆಳಿಗ್ಗೆ ಆರೂವರೆಗೆ ಅರ್ಧ ಗಂಟೆ ಬಿಡುವಿದ್ದರೆ, ನಿಮ್ಮ ಹತ್ತಿರದ ಶೆಲ್ಟರ್‌ಗೆ ಹೋಗಿ ಕೇಳಿ. ನಮ್ಮಲ್ಲಂತೂ ಬೇಕಾಗಿದ್ದಾರೆ. ಹೆಲ್ಮೆಟ್ ಹಾಕಿ, ಮೋತಿಯಿಂದ ಈಗ ಇಪ್ಪತ್ತೆರಡು ಹೆಜ್ಜೆ ದೂರದಲ್ಲಿ ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಅವನ ಕಣ್ಣು ನೋಡಬಾರದು, ಕರೆಯಬಾರದು. ಕೋಳಿ ನಾವು ತರುತ್ತೇವೆ.